ಹೊಗೆಮನೆಯವನ ಗಂಜಿ

ಊರಿನ ಫೆರಿ ಹಡಗಿನ ಸ್ಕಿಪ್ಪರ್ ಇವಾಲ್ಡ್ ಏಪ್ರಿಲ್‌ನಲ್ಲಿ ನಿವೃತ್ತನಾಗುತ್ತಾನೆ, ಅವನ ಜಾಗಕ್ಕೆ ಮರೆನ್ ಬರಬಹುದು ಎಂಬ ಸುದ್ದಿಯನ್ನು ಮನೆಗೆ ತಂದವಳು ಸ್ವತಃ ಮರೆನ್. ಆಗಸ್ಟ್ ಮೊದಲ ವಾರ, ಸಂಜೆ ಆರರ ಊಟ. ಆರು ತಿಂಗಳ ಹೊಟ್ಟೆ ಮೇಜಿಗೆ ತಾಗದಂತೆ ಓರೆಯಾಗಿ ಕುಳಿತು, ಆಲೂಗೆಡ್ಡೆಯ ಮೇಲೆ ಕಂದು ಗ್ರೇವಿ ಸುರಿದುಕೊಳ್ಳುತ್ತ, ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಹನ್ನೊಂದು ವರ್ಷ ಆ ಫೆರಿಯ ಮೇಲೆ ಹಗ್ಗ ಎಸೆದು, ಕಾರುಗಳನ್ನು ಸಾಲು ಹಿಡಿಸಿ, ಇವಾಲ್ಡ್ ಶೀತ ಹಿಡಿದು ಮಲಗಿದಾಗಲೆಲ್ಲ ಚುಕ್ಕಾಣಿ ಹಿಡಿದವಳು. ಹೌದೋ ಅಲ್ಲವೋ ಸೆಪ್ಟೆಂಬರ್ ಮೂವತ್ತರೊಳಗೆ ಹೇಳಬೇಕು. ಏಪ್ರಿಲ್ ಒಂದರಿಂದ ಕೆಲಸ. ಬೆಳಗಿನ ಮೊದಲ ಫೆರಿ ಐದು ನಲವತ್ತಕ್ಕೆ.

ಮಗು ನವೆಂಬರ್ ನಡುವಿಗೆ. ಏಪ್ರಿಲ್ ಎಂದರೆ ಅದು ಎದೆಹಾಲಿನಿಂದ ಚಮಚಕ್ಕೆ ದಾಟುವ ಕಾಲ. ತಾಯಿ ಜನರನ್ನು ಆ ದಡಕ್ಕೆ ದಾಟಿಸುತ್ತಿರುವಾಗ ಈ ದಡದಲ್ಲಿ ಮಗುವನ್ನು ದಾಟಿಸುವವರು ಯಾರು?

ಅದಕ್ಕೆ ಗಂಡ ಅಸ್ಗರ್ ತಾನು ರಜೆ ಹಾಕುವುದಾಗಿ ಹೇಳಿದ. ಹೇಗೂ ಅಪ್ಪಂದಿರ ಪಾಲಿನ ರಜೆ ಇದೆ, ಬಿಟ್ಟರೆ ವ್ಯರ್ಥ. ಮರೆನ್‌ಳ ಅಮ್ಮ ಗುಡ್ರುನ್ ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿದಳು. ಊರಿನ ವೃದ್ಧಾಶ್ರಮದ ಅಡುಗೆಮನೆಯನ್ನು ಇಪ್ಪತ್ತೆಂಟು ವರ್ಷ ಆಳಿದವಳು. ಅವಳು ಫೋರ್ಕ್ ಕೆಳಗಿಟ್ಟರೆ ಉಳಿದವರ ಕೈಯೂ ನಿಲ್ಲುತ್ತಿತ್ತು.

"ನೀನು ಮನೇಲಿದ್ದು ಮಗೂಗೆ ಏನು ತಿನ್ನಿಸ್ತೀಯಪ್ಪ? ಹೆರಿಂಗ್ ಮೀನಾ?"

"ಕಲಿತೀನಿ ಅತ್ತೆ."

"ಏಳು ವರ್ಷದಿಂದ ಈ ಅಡುಗೆಮನೇಲಿ ಉಣ್ತಿದೀಯ. ಆ ಒಲೆ ಯಾವ ಕಡೆಗೆ ತಿರುಗಿಸಿದ್ರೆ ಹತ್ತುತ್ತೆ, ಹೇಳು ನೋಡೋಣ."

ಅಸ್ಗರ್ ಒಲೆಯನ್ನು ನೋಡಿದ. ಅಳೆದೂ ಸುರಿದೂ ಬಲಕ್ಕೆ ಎಂದ.

ಮಾವ ಕ್ನುಡ್ ಗ್ರೇವಿಯ ಬಟ್ಟಲಿನ ಹಿಂದಿನಿಂದ ಮೆಲ್ಲಗೆ ಹೇಳಿದ: "ಅದು ತಿರುಗಿಸೋದಲ್ಲ ಮಾರಾಯ, ಒತ್ತೋದು. ಬದಲಾಯಿಸಿ ನಾಲ್ಕು ವರ್ಷ ಆಯ್ತು."

ಅಸ್ಗರ್‌ನ ಮೇಲೆ ಇಷ್ಟೊಂದು ಹೊಗೆಯಾಡಬಾರದು, ಪಾಪ, ಅವನ ಕೆಲಸವೇ ಅದು. ಬಂದರಿನ ಹೊಗೆಮನೆಯಲ್ಲಿ ಹದಿನಾಲ್ಕು ವರ್ಷದಿಂದ ಹೆರಿಂಗ್ ಮೀನಿಗೆ ಉಪ್ಪು ಹಚ್ಚಿ, ಸರಳಿಗೆ ಪೋಣಿಸಿ, ಆಲ್ಡರ್ ಕಟ್ಟಿಗೆಯ ಹೊಗೆಯಲ್ಲಿ ಬಂಗಾರದ ಬಣ್ಣಕ್ಕೆ ತರುತ್ತಿದ್ದ. ಅಷ್ಟು ಮೀನ ಎಣಿಸಿದ್ದರೂ ಮೇಷ ಎಣಿಸುವ ಸ್ವಭಾವ ಅವನದಲ್ಲ. ಹೂಂ ಅಂದರೆ ಹೂಂ. ಆದರೆ ಅವನಿಗೆ ಬರುತ್ತಿದ್ದ ವಿದ್ಯೆ ಎರಡೇ, ಉಪ್ಪು ಮತ್ತು ಹೊಗೆ. ವರ್ಷ ತುಂಬದ ಕೂಸಿಗೆ ಕೊಡಬಾರದ್ದೂ ಅವೇ ಎರಡು.

ಆ ವಾರವಿಡೀ ಮನೆಯಲ್ಲಿ ಪಾತ್ರೆಗಳಿಗಿಂತ ಮಾತುಗಳೇ ಹೆಚ್ಚು ಸದ್ದು ಮಾಡಿದವು. ಮೊದಲ ವರ್ಷ ತಾಯಿಯೇ ಮನೆಯಲ್ಲಿರಬೇಕು, ಇವಾಲ್ಡ್‌ನ ಫೆರಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಗುಡ್ರುನ್‌ಳ ವಾದ. ಫೆರಿ ಇರೋದೇ ಓಡಿಹೋಗೋದಕ್ಕೆ, ಬಿಟ್ಟರೆ ಆ ಜಾಗಕ್ಕೆ ಎದುರು ದಡದವನೊಬ್ಬ ಬಂದು ಇಪ್ಪತ್ತು ವರ್ಷ ಕೂರುತ್ತಾನೆ ಎಂಬುದು ಮರೆನ್‌ಳ ವಾದ. ಆದರೆ ಮರೆನ್‌ಳ ಧ್ವನಿಯಲ್ಲೂ ಒಂದು ಎಳೆ ಸಡಿಲವಾಗಿತ್ತು. ನಡುಗಡಲಿನಲ್ಲಿ ನಿಂತು ಮನೆಯಲ್ಲಿ ಮಗು ಉಂಡಿತೋ ಇಲ್ಲವೋ ಎಂದು ಕೊರಗುವ ಸ್ಕಿಪ್ಪರ್ ಆಗಲು ಅವಳಿಗೆ ಇಷ್ಟವಿರಲಿಲ್ಲ. ಅಮ್ಮ ಒಪ್ಪಿದರೆ ನಿಶ್ಚಿಂತೆಯಿಂದ ಹೋಗುತ್ತೇನೆ, ಇಲ್ಲದಿದ್ದರೆ ಬೇಡ ಅಂದುಬಿಡುತ್ತೇನೆ ಎಂದು ಶನಿವಾರ ಗಂಡನಿಗೆ ಹೇಳಿದಳು.

ಭಾನುವಾರ ಗುಡ್ರುನ್ ಷರತ್ತು ಹಾಕಿದಳು. ಅವಳ ಮಗನ ಮಗಳು ವಿಗ್ಗಾಗೆ ಎಂಟು ತಿಂಗಳು. ಅವಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕಾಲು ಮುರಿದುಕೊಂಡಿದ್ದರಿಂದ ಮಂಗಳವಾರದಿಂದ ಗುರುವಾರದವರೆಗೆ ವಿಗ್ಗಾ ಇದೇ ಮನೆಯಲ್ಲಿರುತ್ತಿದ್ದಳು. ಅಸ್ಗರ್ ಬೆಳಗಿನ ನಾಲ್ಕಕ್ಕೆ ಹೊಗೆಮನೆಗೆ ಹೋಗಿ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಿದ್ದ.

"ವಿಗ್ಗಾಳ ಮಧ್ಯಾಹ್ನದ ಊಟ ಇನ್ಮೇಲೆ ನಿಂದು. ನೀನೇ ಬೇಯಿಸ್ಬೇಕು, ನೀನೇ ತಿನ್ನಿಸ್ಬೇಕು. ಸೆಪ್ಟೆಂಬರ್ ಮೂವತ್ತರೊಳಗೆ ಒಂದೇ ಒಂದು ಬಟ್ಟಲು ನಿನ್ನ ಕೈಯಿಂದ ಖಾಲಿ ಆಗ್ಲಿ. ಇವಾಲ್ಡ್‌ಗೆ ಹೂಂ ಅನ್ನು ಅಂತ ನಾನೇ ಮಗಳಿಗೆ ಹೇಳ್ತೀನಿ."

ವಿಗ್ಗಾಳ ಅಮ್ಮ ಬೊಲೆಟ್ಟೆ ಶಾಲೆಯ ಟೀಚರು. ಅವಳು ಒಪ್ಪಿದಳು, ಎರಡೇ ನಿಯಮ ಹೇಳಿ: ಜೇನು ಬೇಡ, ಉಪ್ಪು ಬೇಡ.

ಅಸ್ಗರ್ ಮರುದಿನವೇ ಹೆಂಡತಿಯ ಫೆರಿ ಹತ್ತಿ ಎದುರು ದಡದ ಅಂಗಡಿಗೆ ಹೋಗಿ ಕೂಸುಗಳ ಕಪಾಟಿನ ಮುಂದೆ ಮುಕ್ಕಾಲು ಗಂಟೆ ನಿಂತ. ಇಪ್ಪತ್ತೆರಡು ಬಾಟಲಿ ಹೊತ್ತುಕೊಂಡು ಬಂದು, ಬಣ್ಣದಂಗಡಿಯ ಮಾದರಿಗಳಂತೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಕ್ಯಾರೆಟ್, ಪಾರ್ಸ್‌ನಿಪ್, ಬಟಾಣಿ, ಪೇರಳೆ, ಕೋಳಿ ಮತ್ತು ಪೇರಳೆ, ಕೋಳಿ ಮತ್ತು ಪೇರಳೆ ಮತ್ತು ಏನೋ. ಕ್ನುಡ್ ಕನ್ನಡಕ ಹಾಕಿಕೊಂಡು, ಕತ್ತಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಒಂದೊಂದನ್ನೂ ರುಚಿ ನೋಡಿದ. ಹಸಿರೆಲ್ಲ ಒಂದೇ ರುಚಿ, ಹಳದಿಯೆಲ್ಲ ಒಂದೇ ರುಚಿ, ಕಂದು ಬಣ್ಣದ್ದು ಮಾತ್ರ ನಿನ್ನತ್ತೆಯ ವೃದ್ಧಾಶ್ರಮದ ಬುಧವಾರದ ಊಟ ಎಂದು ತೀರ್ಪು ಕೊಟ್ಟು ಆ ಕಂದನ್ನು ಪೂರ್ತಿ ಮುಗಿಸಿದ.

ಬಾಟಲಿಗಳ ಹಿಂದೆ ಬರೆದದ್ದನ್ನೆಲ್ಲ ಓದಿ ಮುಗಿಸಿದ ಮೇಲೆ ಅಸ್ಗರ್ ತಾನೇ ಮಾಡಲು ನಿಂತ. ಗ್ರಂಥಾಲಯದಿಂದ ಕೈಪಿಡಿ ತಂದ. ಬರಗಿನ ಗಂಜಿ, ಓಟ್ಸ್ ಗಂಜಿ, ಗಂಜಿಗೆ ಒಂದು ಚಮಚ ಎಣ್ಣೆ ಏಕೆ, ಅಕ್ಕಿ ಗಂಜಿ ದಿನಾ ಏಕೆ ಬೇಡ, ಎಲ್ಲ ಬಾಯಿಪಾಠ. ಮೊದಲ ಬರಗಿನ ಗಂಜಿ ತಳ ಹಿಡಿದು ಮನೆಯೆಲ್ಲ ಕಮಟು ವಾಸನೆ ತುಂಬಿತು. ಅದು ಎಲ್ಲರ ಮೂಗಿಗೂ ಬಂತು, ಅವನ ಮೂಗೊಂದನ್ನು ಬಿಟ್ಟು. ಹೊಗೆ ವಾಸನೆ ಇಲ್ಲದ ಅಡುಗೆ ಅವನಿಗೆ ಇನ್ನೂ ಬೆಂದಿಲ್ಲ ಎಂದೇ ಲೆಕ್ಕ.

ಎರಡನೇ ವಾರದ ಹೊತ್ತಿಗೆ ತಳ ಹಿಡಿಯುವುದು ನಿಂತಿತು. ಮೂರನೇ ವಾರದ ಹೊತ್ತಿಗೆ ಫ್ರೀಜರಿನ ಮೇಲಿನ ಅರೆಯಿಂದ ಮೀನಿನ ಪೊಟ್ಟಣಗಳು ಗುಳೆ ಹೊರಟು, ಆ ಜಾಗಕ್ಕೆ ಐಸ್ ಅಚ್ಚುಗಳಲ್ಲಿ ಗಟ್ಟಿಯಾದ ಕ್ಯಾರೆಟ್, ಬಟಾಣಿ, ಕಾಡ್ ಮೀನಿನ ಚೌಕಗಳು ತಾರೀಕಿನ ಚೀಟಿ ಹೊತ್ತು ಬಂದು ಕುಳಿತವು. ಉಳಿದದ್ದೆಲ್ಲ ಸಂಜೆಯ ಊಟಕ್ಕೆ ಮೇಜಿನ ಮೇಲೆ ಬರುತ್ತಿತ್ತು. ನನಗಿನ್ನೂ ಹಲ್ಲಿವೆ, ಇರೋ ತನಕ ಅವಕ್ಕೆ ಕೆಲಸ ಕೊಡಿ ಎಂದು ಕ್ನುಡ್ ಗೋಗರೆದ. ನನ್ನ ಒಳ್ಳೆಯ ಪಾತ್ರೆಯ ತಳ ಕೆರೆದುಹಾಕಿದ್ದಾನೆ ಎಂದು ಗುಡ್ರುನ್ ರೇಗಿದಳು. ಪಾತ್ರೆ ಹೊಸದು ತರೋಣ, ಗಂಡ ಕೆಲಸ ಕಲಿತಿರೋದನ್ನ ನೋಡು ಎಂದು ಮರೆನ್ ತಿರುಗಿಬಿದ್ದಳು. ಹಾಗೆ ಅವಳು ಅಮ್ಮನ ಮುಂದೆ ಗಂಡನನ್ನು ಹೊಗಳಿದ್ದು ಏಳು ವರ್ಷದಲ್ಲಿ ಅದೇ ಮೊದಲು. ಅಸ್ಗರ್ ಇನ್ನಷ್ಟು ಬಟಾಣಿ ಅರೆದ.

ಎಲ್ಲ ಸರಿ. ವಿಗ್ಗಾ ಮಾತ್ರ ಬಾಯಿ ತೆರೆಯಲಿಲ್ಲ.

ಹಿತ್ತಲಲ್ಲಿ ತಳ್ಳುಗಾಡಿಯೊಳಗೆ ಗಾಳಿಗೆ ಕೆಂಪಾಗಿ ನಿದ್ದೆ ಮುಗಿಸಿ, ಎತ್ತರದ ಕುರ್ಚಿಯಲ್ಲಿ ನಗುನಗುತ್ತ ಕೂರುತ್ತಿದ್ದಳು. ಅಸ್ಗರ್ ಚಮಚ ಹಿಡಿದು ಎದುರು ಕುಳಿತೊಡನೆ ಅವಳ ತುಟಿಗಳು ಅಂಚೆ ಲಕೋಟೆಯಂತೆ ಅಂಟಿಕೊಳ್ಳುತ್ತಿದ್ದವು. ಕ್ಯಾರೆಟ್ ಗಲ್ಲಕ್ಕೆ, ಬಟಾಣಿ ಕಿವಿಗೆ, ಪೇರಳೆ ಅಸ್ಗರ್‌ನ ಅಂಗಿಗೆ. ಅರ್ಧ ಗಂಟೆಯ ನಂತರ ಗುಡ್ರುನ್ ಬಂದು ಅದೇ ಬಟ್ಟಲು, ಅದೇ ಚಮಚ ತೆಗೆದುಕೊಂಡರೆ ಐದು ನಿಮಿಷದಲ್ಲಿ ಖಾಲಿ. ಖಾಲಿ ಬಟ್ಟಲನ್ನು ಅಳಿಯನ ಮುಂದೆ ಇಟ್ಟು, ಚಮಚವನ್ನು ಅದರೊಳಗೆ ಠಣ್ ಎನ್ನಿಸುತ್ತಿದ್ದಳು, ಅಷ್ಟೇ.

ಕೈಯ ವಾಸನೆ ಇರಬಹುದೆಂದು ಅವನು ಕಾಫಿ ಚರಟದಿಂದ ಕೈ ತಿಕ್ಕಿದ. ಗಡ್ಡ ಇರಬಹುದೆಂದು ಗಡ್ಡ ಬೋಳಿಸಿದ. ಬೋಳು ಮುಖ ಕಂಡು ವಿಗ್ಗಾ ಅತ್ತಳು. ಮರೆನ್ ನಕ್ಕಳು, ಆಮೇಲೆ ಅವಳೂ ಸ್ವಲ್ಪ ಅತ್ತಳು. ಸೆಪ್ಟೆಂಬರ್ ಬಂದಿತ್ತು.

ಹದಿನಾರನೇ ತಾರೀಕು ಗುರುವಾರ ಅದು ಆಗಿಯೇಬಿಟ್ಟಿತು. ಕಾಡ್ ಮೀನು, ಆಲೂಗೆಡ್ಡೆ, ಕ್ಯಾರೆಟ್. ಎಂದಿನಂತೆ ಮೊದಲ ಚಮಚ ತುಟಿಗೆ ಬಡಿದು ನಿಂತಿತು. ವಿಗ್ಗಾ ನಾಲಿಗೆಯ ತುದಿಯಿಂದ ಅದನ್ನು ನೆಕ್ಕಿದಳು. ಯೋಚಿಸಿದಳು. ಬಾಯಿ ತೆರೆದಳು. ಎರಡನೆಯದು, ಮೂರನೆಯದು, ಕೊನೆಗೆ ಬಟ್ಟಲನ್ನೇ ಹಿಡಿದು ಎಳೆದಳು. ಬಾಗಿಲಲ್ಲಿ ನಿಂತು ನೋಡಿದ ಗುಡ್ರುನ್ ಬಟ್ಟಲಿನೊಳಗೆ ಬಗ್ಗಿ, ಸರಿ ಎಂದಳು. ಕೆಲಸ ಮುಗಿಸಿ ಬಂದ ಮರೆನ್ ಹೊರಗಿನ ಬೂಟುಗಳಲ್ಲೇ ಒಳಗೆ ಬಂದು ಗಂಡನ ಕ್ಯಾರೆಟ್ ಮುಖಕ್ಕೆ ಮುತ್ತಿಟ್ಟಳು. ಇವಾಲ್ಡ್ ಇನ್ನೂ ಆ ದಡದಲ್ಲಿದ್ದ. ಬೆಳಿಗ್ಗೆ ಕಂಡು ಹೇಳುತ್ತೇನೆ ಎಂದು ಹಾಡುತ್ತ ಮಹಡಿ ಹತ್ತಿದಳು.

ಅಸ್ಗರ್ ಪಾತ್ರೆ ತೊಳೆಯಲು ನಿಂತ. ಸೌಟಿಗೆ ಅಂಟಿದ್ದನ್ನು ಸುಮ್ಮನೆ ನೆಕ್ಕಿದ.

ಉಪ್ಪು.

ಒಲೆಯ ಪಕ್ಕದಲ್ಲೇ ಅತ್ತೆಯ ಉಪ್ಪಿನ ಭರಣಿ, ಮುಚ್ಚಳ ಓರೆಯಾಗಿತ್ತು. ಹಾಕಿದ ನೆನಪು ಅವನಿಗೆ ಇರಲಿಲ್ಲ. ಆದರೆ ಹೊಗೆಮನೆಯಲ್ಲಿ ಹದಿನಾಲ್ಕು ವರ್ಷ ಪ್ರತಿ ತಟ್ಟೆ ಮೀನಿನ ಮೇಲೆ ಒಂದು ಚಿಟಿಕೆ ಎಸೆದ ಕೈ ಅದು. ಬೆಂದ ಮೀನು ಕಂಡಿತು, ತಲೆಯನ್ನು ಕೇಳದೆ ಎಸೆದಿತ್ತು. ಹೆಚ್ಚೇನೂ ಅಲ್ಲ, ಒಂದೇ ಚಿಟಿಕೆ. ವಿಗ್ಗಾ ಹಿತ್ತಲಲ್ಲಿ ಅಜ್ಜಿಯ ತೊಡೆಯ ಮೇಲೆ ಕುಣಿಯುತ್ತಿದ್ದಳು. ಸೌಟು ತೊಳೆದುಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನಿಂದ ಮರೆನ್‌ಳ ಹಾಡು ಕೇಳುತ್ತಲೇ ಇತ್ತು.

ಅವನು ಸೌಟನ್ನು ತೊಳೆಯದೆ ಹಿತ್ತಲಿಗೆ ಒಯ್ದು ಅತ್ತೆಯ ಕೈಗೆ ಕೊಟ್ಟ. ಗುಡ್ರುನ್ ರುಚಿ ನೋಡಿದಳು. ಅಳಿಯನ ಮುಖ ನೋಡಿದಳು.

"ಇದು ಲೆಕ್ಕಕ್ಕಿಲ್ಲ."

"ಗೊತ್ತು ಅತ್ತೆ. ಅದಕ್ಕೇ ತಂದೆ."

ಮಹಡಿ ಇಳಿದು ಬಂದ ಮರೆನ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂದದ್ದು ಉಪ್ಪಿನ ಮೇಲಲ್ಲ, ಗಂಡನ ಮೇಲೆ. ಮೊದಲು ಅಮ್ಮನ ಕಡೆ ತಿರುಗಿ, ನಮಗೆಲ್ಲ ನೀನು ಉಪ್ಪು ಹಾಕೇ ತಿನ್ನಿಸಿದ್ದಲ್ವಾ ಎಂದು ಕೇಳಿದಳು. ಹಾಕಿದ್ದೆ, ಆಗ ಗೊತ್ತಿರಲಿಲ್ಲ, ಈಗ ಗೊತ್ತಿದೆ ಎಂದಳು ಗುಡ್ರುನ್. ಆಮೇಲೆ ಮರೆನ್ ಗಂಡನ ಕಡೆ ತಿರುಗಿದಳು.

"ನಾಳೆ ಹೇಳಬಹುದಿತ್ತು. ನಾನು ಇವಾಲ್ಡ್‌ಗೆ ಹೂಂ ಅಂದ್ಮೇಲೆ ಹೇಳಬಹುದಿತ್ತು. ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿನ್ನ ಕೈಲಿ?"

"ಏಪ್ರಿಲ್‌ನಲ್ಲಿ ನೀನು ನಡುಗಡಲಲ್ಲಿ ಇರ್ತೀಯ," ಎಂದ ಅಸ್ಗರ್. "ಇಲ್ಲಿ ಏನಾಯ್ತು ಅಂತ ನಾನು ಹೇಳಿದ್ರೇನೇ ನಿನಗೆ ಗೊತ್ತಾಗೋದು. ಇವತ್ತು ಮುಚ್ಚಿಟ್ರೆ, ಆಮೇಲೆ ನಾನು ಏನ್ ಹೇಳಿದ್ರೂ ನೀನು ಹೇಗೆ ನಂಬ್ತೀಯ?"

ಮರೆನ್ ಬೂಟುಗಳನ್ನು ಕಳಚಿದಳು. ಗುಡ್ರುನ್ ಸೌಟನ್ನು ತಾನೇ ತೊಳೆದಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಉಪ್ಪು ಇರಲಿಲ್ಲ. ಭರಣಿ, ಮೇಜಿನ ಮೇಲಿನ ಡಬ್ಬಿ, ಉಗ್ರಾಣದ ಚೀಲ, ಕ್ನುಡ್ ತನ್ನ ಕುರ್ಚಿಯ ಪಕ್ಕದಲ್ಲಿ ಮೊಟ್ಟೆಗೆಂದು ಅಡಗಿಸಿಟ್ಟುಕೊಂಡಿದ್ದ ಪುಟ್ಟ ಪೊಟ್ಟಣ, ಎಲ್ಲವನ್ನೂ ಗುಡ್ರುನ್ ಬುಟ್ಟಿಗೆ ತುಂಬಿ ಪಕ್ಕದ ಮನೆಗೆ ಕೊಟ್ಟು ಬಂದಿದ್ದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಕೈಗೆ ಸಿಗದಿದ್ದರೆ ಕೈ ಎಸೆಯುವುದಿಲ್ಲ ಎಂಬುದು ಅಸ್ಗರ್‌ಗೆ ತಾನಾಗಿ ಹೊಳೆಯಿತು. ಷರತ್ತು ಹಾಕಿದವಳೇ ಅವನ ದಾರಿಯ ಮುಳ್ಳು ತೆಗೆಯುತ್ತಿದ್ದಾಳೆ ಎಂಬುದು ಹೊಳೆಯಲು ಇನ್ನೂ ಎರಡು ದಿನ ಬೇಕಾಯಿತು.

ಹೀಗಾಗಿ ಎರಡು ವಾರ ಇಡೀ ಸಂಸಾರ ಸಪ್ಪೆ. ಸಪ್ಪೆ ಆಲೂಗೆಡ್ಡೆ, ಸಪ್ಪೆ ಗ್ರೇವಿ, ಸಪ್ಪೆ ಮೊಟ್ಟೆ. ಕ್ನುಡ್ ಸಂಜೆ ಸಮುದ್ರದ ದಂಡೆಗೆ ಹೋಗಿ ಗಾಳಿಗೆ ನಾಲಿಗೆ ಚಾಚಿ ಬರುತ್ತೇನೆ ಎಂದು ಹೆದರಿಸಿದ. ಆದರೆ ಯಾರೂ ಉಪ್ಪು ತರಲಿಲ್ಲ. ಮಾತಿನ ಖಾರವೂ ಹೇಗೋ ಕಡಿಮೆಯಾಗಿತ್ತು. ಬರಗಿಗೆ ಹಾಲು ಯಾವಾಗ ಸೇರಿಸಬೇಕು ಎಂದು ಅಳಿಯ ಕೇಳಿದರೆ ಅತ್ತೆ ಹೇಳಿಕೊಡುತ್ತಿದ್ದಳು.

ವಿಗ್ಗಾ ಮಾತ್ರ ಮೊದಲಿಗಿಂತ ಬಿಗಿಯಾದಳು. ಒಮ್ಮೆ ರುಚಿ ಕಂಡ ನಾಲಿಗೆ. ಅಸ್ಗರ್‌ನ ಚಮಚದಲ್ಲಿ ಆ ರುಚಿ ಇಲ್ಲ ಎಂದು ಗೊತ್ತಾದ ಮೇಲೆ ತುಟಿಗೆ ತಾಗಲೂ ಬಿಡಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೆಂಟು. ಬಟ್ಟಲು ತುಂಬಿದ್ದೇ ಮರಳುತ್ತಿತ್ತು. ಇಪ್ಪತ್ತೆಂಟರ ಸಂಜೆ ಮರೆನ್, ಇವಾಲ್ಡ್‌ಗೆ ಬೇಡ ಅಂತ ಹೇಳುವುದು ಹೇಗೆ ಎಂದು ಅಪ್ಪನನ್ನು ಕೇಳಿದಳು. ಕ್ನುಡ್ ಮೂವತ್ತು ವರ್ಷ ಅದೇ ಫೆರಿಯ ಎಂಜಿನ್ ನೋಡಿಕೊಂಡವನು. ಅವನು ಅವಳ ಬೆನ್ನು ತಟ್ಟಿದ.

ಇಪ್ಪತ್ತೊಂಬತ್ತು, ಬುಧವಾರ. ಅಂದಿನ ಬಟ್ಟಲೂ ತುಂಬಿಯೇ ಮರಳಿತ್ತು. ಮೂರು ಗಂಟೆಯ ಕಾಫಿಗೆ ಯಾರೂ ಮಾತಾಡದ್ದು ಕಂಡು ಕ್ನುಡ್‌ಗೆ ತಡೆಯಲಾಗಲಿಲ್ಲ. ಊರಿನವರನ್ನೆಲ್ಲ ಅಣಕಿಸುವುದು ಅವನಿಗೆ ಹುಟ್ಟಿನಿಂದ ಬಂದ ಚಟ. ಪಾದ್ರಿ ಕೆಮ್ಮುವುದು, ಇವಾಲ್ಡ್ ಹವಾಮಾನ ಓದುವುದು, ಬೊಲೆಟ್ಟೆ ಮಕ್ಕಳನ್ನು ಎಣಿಸುವುದು. ಈಗ ಎದ್ದು ಸಕ್ಕರೆ ಚಮಚ ಹಿಡಿದು, ನಾನು ಅಸ್ಗರ್ ಎಂದ. ಬೆನ್ನು ಬಗ್ಗಿಸಿದ, ಕಣ್ಣು ಕಿರಿದು ಮಾಡಿದ, ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದ, ತುಟಿ ಗಟ್ಟಿಯಾಗಿ ಮುಚ್ಚಿದ, ಬಾಂಬು ಬಿಚ್ಚುವವನಂತೆ ಚಮಚವನ್ನು ಗುಡ್ರುನ್‌ಳ ಮೂಗಿನವರೆಗೆ ಒಯ್ದ.

ಗುಡ್ರುನ್ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಮ್ಮೆಲೇ ನಿಲ್ಲಿಸಿದಳು.

"ಇನ್ನೊಂದ್ಸಲ ಮಾಡು."

ಕ್ನುಡ್ ಇನ್ನೊಮ್ಮೆ ಮಾಡಿದ. ನೆಲದ ಹಾಸಿನ ಮೇಲೆ ಕುಳಿತಿದ್ದ ವಿಗ್ಗಾ ಅಜ್ಜನನ್ನೇ ನೋಡುತ್ತಿದ್ದಳು. ಅಜ್ಜನ ಕೆನ್ನೆ ಉಬ್ಬಿದಂತೆ ಅವಳ ಕೆನ್ನೆ ಉಬ್ಬಿತು. ಅಜ್ಜನ ತುಟಿ ಮುಚ್ಚಿದಂತೆ ಅವಳ ತುಟಿ ಮುಚ್ಚಿತು.

ಹೊಗೆಗೂಡಿನ ಬಾಗಿಲು ತೆರೆದು ಒಳಗೆ ಬಗ್ಗುವವರೆಲ್ಲ ಹಾಗೆಯೇ ಬಗ್ಗುತ್ತಾರೆ. ಬಾಯಿ ತೆರೆದರೆ ಎದೆ ತುಂಬ ಹೊಗೆ. ಮೊದಲ ವಾರ ಕೆಮ್ಮಿ ಕಲಿತದ್ದು ಕೊನೆಯವರೆಗೆ ಬಿಡುವುದಿಲ್ಲ. ಗಮನವಿಟ್ಟು ಮಾಡುವ ಕೆಲಸ ಯಾವುದಿದ್ದರೂ ಅಸ್ಗರ್ ಉಸಿರು ಕಟ್ಟಿ, ತುಟಿ ಬಿಗಿದು ಮಾಡುತ್ತಿದ್ದ. ಮಗುವಿಗೆ ತಿನ್ನಿಸುವಷ್ಟು ಗಮನದ ಕೆಲಸವನ್ನು ಅವನು ಈ ಮೊದಲು ಮಾಡಿಯೇ ಇರಲಿಲ್ಲ. ಏಳು ವಾರ ಅವನು ಬಾಯಿ ಮುಚ್ಚು ಎಂದು ಮುಖದಲ್ಲಿ ಹೇಳುತ್ತ ಕೈಯಲ್ಲಿ ಚಮಚ ಒಡ್ಡಿದ್ದ. ವಿಗ್ಗಾ ಹೇಳಿದಂತೆ ಕೇಳುವ ಹುಡುಗಿ.

ಗುಡ್ರುನ್ ಇದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಉಳಿದದ್ದು ಒಂದೇ ಊಟ. ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಅವಳು ಕಾಫಿ ಲೋಟ ಪಕ್ಕಕ್ಕೆ ಸರಿಸಿದಳು.

"ಅಸ್ಗರ್," ಎಂದಳು. ಅವನನ್ನು ಹೆಸರು ಹಿಡಿದು ಅವಳು ಕರೆಯುತ್ತಿದ್ದುದು ಅಪರೂಪ. "ನಾಳೆ ಚಮಚ ಎತ್ತುವಾಗ ನೀನೂ ಬಾಯಿ ತೆರಿ. ನಾವೆಲ್ಲ ಹಾಗೇ ತಿನ್ನಿಸೋದು. ಗೊತ್ತಿಲ್ಲದೇನೇ ತೆರೀತೀವಿ."

ಗುರುವಾರ ಮಧ್ಯಾಹ್ನ ಮರೆನ್ ಎರಡು ಗಂಟೆ ಬಿಡುವು ಪಡೆದು ಬಂದಳು. ಓಟ್ಸ್ ಗಂಜಿ, ಅರೆದ ಪೇರಳೆ, ಒಂದು ಚಮಚ ಎಣ್ಣೆ. ಗುಡ್ರುನ್ ಮೊದಲೇ ರುಚಿ ನೋಡಿ ತಲೆಯಾಡಿಸಿದಳು: ಸಪ್ಪೆ, ಶುದ್ಧ ಸಪ್ಪೆ. ಅಸ್ಗರ್ ಕುರ್ಚಿಯೆದುರು ಕುಳಿತು ಚಮಚ ಎತ್ತಿದ. ಚಮಚದೊಂದಿಗೆ ಅವನ ಉಸಿರೂ ಕಟ್ಟಿತು, ತುಟಿಯೂ ಬಿಗಿಯಿತು. ವಿಗ್ಗಾಳ ತುಟಿಯೂ.

"ಬಾಯಿ," ಎಂದಳು ಗುಡ್ರುನ್.

ಅವನು ಪ್ರಯತ್ನಪಟ್ಟ. ಹದಿನಾಲ್ಕು ವರ್ಷದ ದವಡೆ. ಅರ್ಧ ತೆರೆದು ತಾನಾಗಿ ಮುಚ್ಚಿಕೊಂಡಿತು. ಆಗ ಗುಡ್ರುನ್ ಕುರ್ಚಿ ಎಳೆದುಕೊಂಡು ಅವನ ಎಡಕ್ಕೆ ಕುಳಿತು ಬಾಯಿ ತೆರೆದಳು. ಮರೆನ್ ಬಲಕ್ಕೆ ಕುಳಿತು ತೆರೆದಳು. ಕ್ನುಡ್ ಹಿಂದೆ ನಿಂತು, ಉಳಿದಿದ್ದ ಹಲ್ಲುಗಳೆಲ್ಲ ಕಾಣುವಂತೆ ತೆರೆದ. ಮೂರು ತೆರೆದ ಬಾಯಿಗಳ ನಡುವೆ ತನ್ನದೊಂದು ಮುಚ್ಚಿದ್ದು ಅಸ್ಗರ್‌ಗೆ ಹೇಗೆ ಕಂಡಿತೋ, ನಗು ಬಂದು ಉಸಿರು ಬಿಟ್ಟು ಅವನೂ ಆ ಎಂದ.

ವಿಗ್ಗಾ ನಾಲ್ವರನ್ನೂ ಒಂದು ಸುತ್ತು ನೋಡಿದಳು. ತೆರೆದಳು.

ಚಮಚ ಒಳಗೆ ಹೋಗಿ ಖಾಲಿಯಾಗಿ ಬಂತು. ಎರಡನೆಯದಕ್ಕೂ ನಾಲ್ಕು ಬಾಯಿ ಬೇಕಾಯಿತು. ಐದನೆಯದರ ಹೊತ್ತಿಗೆ ಅಸ್ಗರ್‌ನದೊಂದೇ ಸಾಕಾಯಿತು. ಕ್ನುಡ್ ದವಡೆ ನೋವೆಂದು ಕುಳಿತುಬಿಟ್ಟ. ಹನ್ನೊಂದು ನಿಮಿಷ. ಅಸ್ಗರ್ ಬಟ್ಟಲಿನ ಅಂಚು ಕೆರೆದು ಕೊನೆಯ ಚಮಚ ಕೊಟ್ಟಾಗ ವಿಗ್ಗಾ ಅದನ್ನೂ ನುಂಗಿ, ಇನ್ನೂ ಬೇಕೆಂದು ಮೇಜು ಬಡಿದಳು. ಅವನು ಬಟ್ಟಲನ್ನು ಅತ್ತೆಯ ಮುಂದೆ ಇಡಲಿಲ್ಲ, ಎದ್ದು ಇನ್ನಷ್ಟು ಗಂಜಿ ತರಲು ಹೋದ.

ಮರೆನ್ ಅಲ್ಲಿಂದಲೇ ಇವಾಲ್ಡ್‌ಗೆ ಫೋನ್ ಮಾಡಿದಳು. ಕೈಯೆಲ್ಲ ಪೇರಳೆ ಆಗಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಇಟ್ಟಳು. ಏಪ್ರಿಲ್ ಒಂದರಿಂದ ನಾನೇ ಬರ್ತೀನಿ ಎಂದಳು. ಇವಾಲ್ಡ್‌ಗೆ ಸಂತೋಷವಾಯಿತು. ಆಚೆಯಿಂದ ಗಾಳಿಯ ಸದ್ದು, ಅವನ ಕೆಮ್ಮು, ಆಮೇಲೆ ಸ್ವಲ್ಪ ಹಿಂಜರಿಕೆ. ಅವನು ಹಳೆಯ ಕಾಲದವನು, ಕೇಳದೆ ಇರಲಾಗಲಿಲ್ಲ.

"ಅಲ್ಲ ಮರೆನ್, ಆಗ ಮಗೂಗೆ ಐದು ತಿಂಗಳೂ ಆಗಿರಲ್ಲ. ಅದರ ಊಟ, ತಿಂಡಿ..."

ಮರೆನ್ ಬಾಯಿ ತೆರೆಯುವ ಮೊದಲೇ ಗುಡ್ರುನ್ ಮೇಜಿನ ಮೇಲೆ ಬಾಗಿ ಫೋನಿಗೆ ಹೇಳಿದಳು:

"ಮಗೂಗೆ ಅಪ್ಪ ಇದಾನೆ ಇವಾಲ್ಡ್. ನೀನು ಅವಳ ಹೆಸರು ಬರ್ಕೋ."